ಯಾರೂ ಸಾಯದ ರೋಗದ ಲಸಿಕೆ

ಬೆಳಗಾವಿಯ ಹೊರವಲಯದ ಲಸಿಕಾ ಕೇಂದ್ರದಲ್ಲಿ ೨೦೭೧ರ ಆ ಬೆಳಿಗ್ಗೆ ಲಸಿಕೆಯ ಕೊನೆಯ ಕಂತಿನ ಬೆಸುಗೆ ನಡೆದಿತ್ತು; ಮರುದಿನದಿಂದ ಅದನ್ನು ಮಾಡುವಂತಿರಲಿಲ್ಲ. ಉಕ್ಕಿನ ತೊಟ್ಟಿಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಕೊಂದು, ಅವುಗಳ ಮೈಮೇಲಿನ ಸಕ್ಕರೆಯ ಹೊದಿಕೆಯನ್ನು ಸುಲಿದು ತೊಳೆದು ಯಂತ್ರದ ಒಂದು ಬಾಯಿಗೆ ಬಿಟ್ಟಿದ್ದರು. ಇನ್ನೊಂದು ಬಾಯಿಂದ ಪ್ರೋಟೀನು ಹರಿದು ಬರುತ್ತಿತ್ತು. ಎರಡೂ ಒಳಗೆ ಕೂಡಿ, ಹನಿಹನಿಯಾಗಿ ಸೀಸೆಗಳಿಗೆ ಇಳಿಯುತ್ತಿದ್ದವು.

ಮಿದುಳು ಜ್ವರ ತರುವ ಈ ಬ್ಯಾಕ್ಟೀರಿಯಾ ಸಕ್ಕರೆಯ ಅಂಗಿ ತೊಟ್ಟು ಬರುತ್ತದೆ. ಎಳೆಗೂಸಿನ ಮೈ ಬರೀ ಸಕ್ಕರೆಯನ್ನು ಶತ್ರುವೆಂದು ನೆನಪಿಟ್ಟುಕೊಳ್ಳಲಾರದು; ಪ್ರೋಟೀನನ್ನಾದರೆ ಇಟ್ಟುಕೊಳ್ಳುತ್ತದೆ. ಎರಡನ್ನೂ ಗಂಟು ಹಾಕಿ ಕೊಟ್ಟರೆ ಪ್ರೋಟೀನಿನ ಜೊತೆಗೆ ಸಕ್ಕರೆಯ ನೆನಪೂ ಉಳಿಯುತ್ತದೆ. ಉಪಾಯ ಹಳೆಯದೇ. ಆದರೆ ಗಂಟು ಯಾವ ಕೊಂಡಿಯಲ್ಲಿ ಬೀಳಬೇಕೆಂದು ಮೊದಲೇ ಲೆಕ್ಕ ಹಾಕಿ, ಅಲ್ಲೇ ಬೀಳಿಸುವ ಯಂತ್ರ ಡಾ. ಜಿನದತ್ತ ಉಪಾಧ್ಯೆಯವರದು. ಅದರಿಂದಾಗಿ ಒಂದು ಚುಚ್ಚುಮದ್ದು ಜೀವಮಾನಕ್ಕೆ ಸಾಕಾಗುತ್ತಿತ್ತು.

ಸಕ್ಕರೆಯನ್ನು ಮಾತ್ರ ಯಂತ್ರ ಮಾಡಲಾರದು, ಬ್ಯಾಕ್ಟೀರಿಯಾವೇ ಮಾಡಿಕೊಡಬೇಕು. ಎಷ್ಟೋ ತಳಿಗಳನ್ನು ಬೆಳೆಸಿ ಸೋತ ಮೇಲೆ ಕೈಹಿಡಿದದ್ದು ಸವದತ್ತಿಯ ಸ್ಫೂರ್ತಿ ಹಡಪದ ಎಂಬಾಕೆಯ ಹಾಲುಗೂಸಿನ ಬೆನ್ನುಹುರಿಯ ನೀರಿನಲ್ಲಿ ಸಿಕ್ಕ ತಳಿ. ಮಗು ಬದುಕಲಿಲ್ಲ. ಅವನನ್ನು ಕೊಂದದ್ದನ್ನೇ ಬೆಳೆಸಿ ಮಾಡಿದ ಲಸಿಕೆ ನಾಡಿನ ಮಕ್ಕಳನ್ನು ಉಳಿಸಿತು. ಸ್ಫೂರ್ತಿ ವರ್ಷಕ್ಕೊಮ್ಮೆ ಬಂದು, ಗಾಜಿನಾಚೆ ನಿಂತು ಆ ತೊಟ್ಟಿಯನ್ನು ನೋಡಿ ಹೋಗುತ್ತಿದ್ದಳು.

ಲಸಿಕೆ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ರೋಗವೇ ಕಣ್ಣಿಗೆ ಬೀಳದಾಯಿತು. ಅದೇ ಮುಳುವಾಯಿತು. ಲಸಿಕಾ ಮಂಡಳಿಯ ಜಾಣರು, ಇಲ್ಲದ ರೋಗಕ್ಕೆ ಮದ್ದೇಕೆ ಎಂದರು. ಮದ್ದು ಬೇಡವಾದ ಮೇಲೆ ತಳಿಯನ್ನು ಇಟ್ಟುಕೊಳ್ಳುವುದು ಅಪಾಯ, ನಾಶಮಾಡಿ ಎಂದರು. ರೋಗಾಣು ಇನ್ನೂ ಯಾರಯಾರದೋ ಗಂಟಲಲ್ಲಿ ಕೂತಿದೆ, ಮಕ್ಕಳ ಮೈಯ ನೆನಪಷ್ಟೇ ಅದನ್ನು ತಡೆದಿದೆ ಎಂದು ಜಿನದತ್ತರು ಬೆಂಗಳೂರಿಗೆ ಹೋಗಿ ಹೇಳಿದರು. ಯಾರೂ ಎದುರು ವಾದಿಸಲಿಲ್ಲ. ಚಹಾ ಕೊಟ್ಟು ಕಳಿಸಿದರು.

ತಳಿಯ ಸೀಸೆಗಳನ್ನು ರೋಗಾಣು ಕೊಲ್ಲುವ ಹಬೆಯ ಪೆಟ್ಟಿಗೆಗೆ ಹಾಕುವ ದಿನ ಜಿನದತ್ತರೇ ಸ್ಫೂರ್ತಿಯನ್ನು ಕರೆಸಿದರು. ಹೇಳದೆ ಮಾಡಲು ಮನಸ್ಸು ಬರಲಿಲ್ಲ.

"ನನ್ನ ಕೂಸು ಸುಮ್ನ ಹೋಗಿಲ್ಲ ಅಂತ ಊರ ತುಂಬ ಹೇಳ್ಕೋತ ಬಂದೇನ್ರಿ," ಎಂದಳು ಆಕೆ. "ಇನ್ನ ಏನಂತ ಹೇಳ್ಲಿ?"

"ನನ್ನ ಕೈಯಾಗ ಏನೂ ಉಳಿದಿಲ್ಲ, ಸ್ಫೂರ್ತಿ."

"ಒಂದ ಸೀಸೆ ಇಟ್ಕೊಳ್ರಿ. ಯಾರಿಗೆ ಗೊತ್ತಾಗ್ತೈತಿ?"

ಅವರು ಇಟ್ಟುಕೊಳ್ಳಲಿಲ್ಲ. ಬದುಕಿಡೀ ನಿಯಮ ಪಾಲಿಸಿದ ಮನುಷ್ಯ, ಅಂದೂ ಪಾಲಿಸಿದರು. ಪೆಟ್ಟಿಗೆಯ ಬಾಗಿಲು ಹಾಕಿದ್ದು ಅವರದೇ ಕೈ.

ಕೆಲವು ವರ್ಷ ಏನೂ ಆಗಲಿಲ್ಲ, ಮಂಡಳಿಯವರು ಬೀಗಿದರು. ಆಮೇಲೆ ಜಿಲ್ಲಾಸ್ಪತ್ರೆಗೆ ಕುತ್ತಿಗೆ ಸೆಟೆದ ಮಕ್ಕಳು ಬರತೊಡಗಿದವು, ಎಲ್ಲವೂ ಲಸಿಕೆ ನಿಂತ ಮೇಲೆ ಹುಟ್ಟಿದವು. ಎಳೆಯ ವೈದ್ಯರು ಈ ರೋಗವನ್ನು ಪಾಠದಲ್ಲಷ್ಟೇ ಓದಿದ್ದರು. ಗುರುತು ಹಿಡಿಯುವಷ್ಟರಲ್ಲಿ ಮೊದಲ ಮಕ್ಕಳು ತೀರಿಹೋಗಿದ್ದವು. ಅಷ್ಟರಲ್ಲಿ ನಿವೃತ್ತರಾಗಿದ್ದ ಜಿನದತ್ತರ ಬಾಗಿಲಿಗೆ ಮಂಡಳಿ ಓಡಿಬಂತು. ಯಂತ್ರವಿತ್ತು, ಲೆಕ್ಕವೂ ಇತ್ತು. ಸಕ್ಕರೆ ಇರಲಿಲ್ಲ. ಹೊಲಿಗೆ ಬಲ್ಲವನ ಕೈಯಲ್ಲಿ ಬಟ್ಟೆಯೇ ಇಲ್ಲದ ಹಾಗಾಗಿತ್ತು. ಹೊಸ ತಳಿ ಹುಡುಕಿ, ಬೆಳೆಸಿ, ಪರೀಕ್ಷಿಸಿ ಲಸಿಕೆ ಹೊರಬರಲು ಎರಡು ವರ್ಷವಾದರೂ ಬೇಕು. ಅಲ್ಲಿಯವರೆಗೆ ಸಾಯುವ ಮಕ್ಕಳು ಸಾಯಬೇಕು, ಅಷ್ಟೆ.

ತಳಿಗಾಗಿ ಮತ್ತೊಬ್ಬ ತಾಯಿಯನ್ನು ಕೇಳಬೇಕಿತ್ತು. ಒಬ್ಬರೇ ಹೋಗುವ ಧೈರ್ಯವಿಲ್ಲದೆ ಜಿನದತ್ತರು ಸ್ಫೂರ್ತಿಯನ್ನು ಕರೆದುಕೊಂಡು ಹೋದರು. ವಾರ್ಡಿನಲ್ಲಿ ಲಾವಣ್ಯ ತಳವಾರ ಎಂಬ ಹುಡುಗಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಅವಳ ಮಗಳು ಬದುಕುವ ಆಸೆಯನ್ನು ವೈದ್ಯರು ಬಿಟ್ಟಾಗಿತ್ತು. ಬೆನ್ನುಹುರಿಯ ನೀರು ಏಕೆ ಬೇಕೆಂದು ಜಿನದತ್ತರು ತೊದಲುತ್ತ ಹೇಳಿದರು.

ಲಾವಣ್ಯ ಪೂರ್ತಿ ಕೇಳಿಸಿಕೊಂಡಳು. "ಇದಕ್ಕ ಮೊದ್ಲ ಲಸಿಕೆ ಇತ್ತಂತಲ್ರಿ?"

"ಇತ್ತವಾ."

"ಮತ್ತ ನಮ್ಮ ಕೂಸಿಗ್ಯಾಕ ಹಾಕ್ಲಿಲ್ಲ?"

ಜಿನದತ್ತರು ಸ್ಫೂರ್ತಿಯ ಕಡೆ ತಿರುಗಿದರು. ಸ್ಫೂರ್ತಿಯೇ ಹೇಳಿದಳು: "ಯಾರೂ ಸಾಯವಲ್ರು ಅಂತ ಬಂದ್ ಮಾಡಿದ್ರು, ತಂಗಿ. ಆ ಲಸಿಕೆ ನನ್ನ ಮಗನಿಂದ ಆಗಿದ್ದು."

ಲಾವಣ್ಯ ಮಗಳ ಅಂಗಿಯನ್ನು ಬೆನ್ನ ಮೇಲಿಂದ ತಾನೇ ಸರಿಸಿಕೊಟ್ಟಳು.

"ತಗೋರಿ. ಇದನ್ನಾದ್ರೂ ಇಟ್ಕೋತೀರೇನು?"

ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವರು ಆ ವಾರ್ಡಿನಲ್ಲಿರಲಿಲ್ಲ. ಕಣ್ಣಿಗೆ ಕಾಣದ ರೋಗ ಇಲ್ಲವೇ ಇಲ್ಲವೆಂದು ನಂಬಿ ನೆಮ್ಮದಿಯಾಗಿ ಉಣ್ಣುವ ಮನೆಗಳಲ್ಲಿದ್ದರು. ನಮ್ಮ ನಿಮ್ಮ ಮನೆಗಳೂ ಅಂಥವೇ.