ಡಬ್ಬಿಯಲ್ಲಿ ಬಂದ ಉಪ್ಪು

ಮುಂಬಯಿ ಸಮುದ್ರಕ್ಕೆ ಗಾಳಿ ಬೀಸುವುದನ್ನು ಕಲಿಸಿದವಳೇ ನಾನು. ಇದರಲ್ಲಿ ಅರ್ಧ ಸುಳ್ಳು. ಆದರೆ ಆ ಗಾಳಿ ಅಳೆಯುವವರಿಗೆ ರೊಟ್ಟಿ ಬಡಿದು ಹಾಕಿದವಳು ಈ ಸುಂದ್ರವ್ವ, ಅದು ಪೂರ್ತಿ ನಿಜ.

ತೊಂಬತ್ತೊಂದರ ಚಳಿಗಾಲ. ಮಢ್ ದಂಡೆಯಾಚೆ, ನೀರಿನ ನಡುವೆ ಗಾಳಿ ಅಳೆಯುವ ಒಂದು ಕಬ್ಬಿಣದ ಕಂಬ ನಿಂತಿತ್ತು. ಗಾಳಿ ಚೆನ್ನಾಗಿ ಸಿಕ್ಕರೆ ಮುಂದೆ ಅಲ್ಲೇ ಕರೆಂಟು ಮಾಡುವ ಗಾಳಿಯಂತ್ರಗಳನ್ನು ನಿಲ್ಲಿಸುತ್ತಾರಂತೆ. ಆ ಕಂಬ ಹತ್ತಿ ಇಳಿಯುವ ಕೆಲಸ ಗುಲ್ಬರ್ಗಾ ಕಡೆಯ ಬಂಡೆಪ್ಪನದು.

ಒಂದು ದಿನ ದೋಣಿಯಲ್ಲಿ ಪಂಕಜಾ ಬಂದಳು. ಮೈಸೂರು ಕಡೆಯವಳು. ವಿಲೆ ಪಾರ್ಲೆಯಲ್ಲಿ ಒಂಟಿ ಕೋಣೆ, ಸಮುದ್ರದ ಆಫೀಸಿನಲ್ಲಿ ನಕ್ಷೆ ಬಿಡಿಸುವ ನೌಕರಿ. ಅಲೆಗಳು ಆನೆಯಷ್ಟೆತ್ತರ ಏಳುತ್ತಿದ್ದವು... ಸರಿ, ಎಮ್ಮೆಯಷ್ಟು. ಕಂಬದ ಏಣಿ ಕೈಗೆ ಸಿಗದೆ ಅವಳು ನಡುಗುತ್ತಿದ್ದಳು.

ಮೇಲಿನಿಂದ ಒಂದು ಕೈ ಇಳಿದು ಬಂತು.

"ಕೈ ಕೊಡ್ರಿ ಬಾಯೋರ. ಸಮುದ್ರ ನಾಚಿಕಿ ನೋಡಂಗಿಲ್ಲ."

ಮೇಲೆ ಹತ್ತಿದ ನಂತರವೂ ನಡುಕ ನಿಲ್ಲುವ ತನಕ ಬಂಡೆಪ್ಪ ಆ ಕೈ ಬಿಡಲಿಲ್ಲ.

ನನ್ನನ್ನು ಯಾರಾದರೂ ಹೀಗೆ ಹಿಡಿದು ಎಷ್ಟು ಕಾಲವಾಯಿತು... ಎಂದುಕೊಂಡಳು ಪಂಕಜಾ.

ಆಮೇಲೆ ವಾರ ವಾರ ಬಂದಳು. ಕಂಬದ ಮೇಲಿನಿಂದ ನೋಡಿ, ಆಮೆಗಳು ಓಡಾಡುವ ದಾರಿಯನ್ನು ಅವಳು ನಕ್ಷೆಯಲ್ಲಿ ಗುರುತಿಸಬೇಕಿತ್ತು. ನಾವು ಕಾಯುವ ಸಮುದ್ರ, ಪಾಕಿಸ್ತಾನದವರು ಕಾಯುವ ಸಮುದ್ರ, ಎರಡನ್ನೂ ಆಮೆಗಳಿಗೆ ಒಂದೇ ದಾರಿಯಾಗಿ ಜೋಡಿಸಬೇಕು, ಗಾಳಿಯಂತ್ರಗಳು ಆ ದಾರಿ ಬಿಟ್ಟು ನಿಲ್ಲಬೇಕು ಎಂಬುದು ಅವಳ ಆಫೀಸಿನ ಆಸೆ.

"ಆಮಿಗೆ ಪಾಸ್‌ಪೋರ್ಟ್ ಬ್ಯಾಡೇನ್ರಿ?" ಎಂದು ನನ್ನ ಒಲೆಯ ಮುಂದೆ ಕೂತು ಬಂಡೆಪ್ಪ ಕೇಳಿದ.

"ಅದಕ್ಕೆ ಬೇಡ. ಗಡಿ ಎಲ್ಲ ನಮ್ಮಂಥೋರಿಗೇನೇ," ಎಂದು ಪಂಕಜಾ ನಕ್ಕಳು. ಅವಳ ನಗು ನಾನು ಕಂಡದ್ದು ಅಂದೇ ಮೊದಲು.

ಬರುವಾಗಲೆಲ್ಲ ಡಬ್ಬಿಯಲ್ಲಿ ಅವನಿಗೆ ಚಿತ್ರಾನ್ನ ತರುತ್ತಿದ್ದಳು. ಬರೀ ಚಿತ್ರಾನ್ನಕ್ಕೆ ಯಾರ ಮುಖವೂ ಹಾಗೆ ಕೆಂಪಾಗುವುದಿಲ್ಲ, ನನಗೆ ಗೊತ್ತಿಲ್ಲವೇ?

ಆದರೆ ನಕ್ಷೆ ಮುಗಿಯುತ್ತ ಬಂದಾಗ ಅವಳ ಕೈ ನಿಂತಿತು. ಆಮೆಯ ದಾರಿ ಸರಿಯಾಗಿ ಆ ಕಂಬದ ಕೆಳಗೇ ಹಾಯುತ್ತಿತ್ತು. ಹಾಗೇ ಎಳೆದರೆ ಕಂಬ ಗುಜರಾತಿನ ಯಾವುದೋ ದಂಡೆಗೆ ಹೋಗುತ್ತದೆ. ಕಂಬದ ಜೊತೆ ಬಂಡೆಪ್ಪನೂ.

ಗೆರೆಯನ್ನು ಬೆರಳಗಲ ಸರಿಸಿದರೆ ಅವನು ಉಳಿಯುತ್ತಾನೆ... ಯಾರಿಗೆ ಗೊತ್ತಾಗುತ್ತದೆ?

ಸರಿಸಲಿಲ್ಲ. ಇದ್ದ ಹಾಗೇ ಎಳೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅವನಿಗೆ ಹೇಳುವ ಧೈರ್ಯ ಬರಲಿಲ್ಲ.

ಸುದ್ದಿ ಕೂಲಿಗಳ ಮುಕಾದಮನಿಂದ ಬಂಡೆಪ್ಪನಿಗೆ ತಲುಪಿತು. ಅವನು ಅವಳ ಡಬ್ಬಿಯನ್ನು ನನ್ನ ಕೈಲಿ ಪಾರ್ಲೆಗೆ ಕಳಿಸಿದ. ನಾನು ಹಿಂದಿರುಗಿದ ಮೇಲೆ ಅವಳು ಮುಚ್ಚಳ ತೆಗೆದಳು. ಒಳಗೆ ಬಟ್ಟೆಯ ಗಂಟು, ಗಂಟಿನಲ್ಲಿ ಹರಳುಪ್ಪು.

ಅವಳ ಊರಿನ ಮನೆಯಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಜಗಳ.

ಅನ್ನ ಕೊಟ್ಟ ಡಬ್ಬಿಗೆ ಉಪ್ಪು ತುಂಬಿದ್ದಾನೆ... ಇನ್ನು ನಿನಗೂ ನನಗೂ ಮುಗಿಯಿತು ಎನ್ನುತ್ತಿದ್ದಾನೆ... ಉಪ್ಪನ್ನು ಮೋರಿಗೆ ಸುರಿದಳು. ಅವನು ಹೊರಡುವ ದಿನ ಸ್ಟೇಷನ್ನಿಗೂ ಹೋಗಲಿಲ್ಲ.

ಮಳೆಗಾಲ ಪೂರ್ತಿ ಒಂಟಿಯಾಗಿ ಕಳೆದಳು. ಸಂಜೆಯ ಲೋಕಲ್‌ನಲ್ಲಿ ಹೆಂಗಸರೆಲ್ಲ ಮನೆಮಂದಿಗೆಂದು ಬೆಂಡೆಕಾಯಿ ಹೆಚ್ಚುತ್ತ ಕೂತಿರುತ್ತಿದ್ದರು. ಯಾರಿಗಾಗಿ ಹೆಚ್ಚಲಿ ಎಂದು ಇವಳು ಕಿಟಕಿಯಾಚೆ ನೋಡುತ್ತಿದ್ದಳು. ತಲೆಯ ಮೇಲೆ ವಿಮಾನ ಹೋದಾಗ ಅವಳ ಕೋಣೆಯ ಪಾತ್ರೆಗಳು ಅಲುಗುತ್ತಿದ್ದವು. ಆ ಮನೆಯಲ್ಲಿ ಸದ್ದೆಂದರೆ ಅಷ್ಟೇ.

ಮಳೆ ನಿಂತ ಮೇಲೆ ಕೆಲಸದ ಮೇಲೆ ದಂಡೆಗೆ ಬಂದಳು. ಊಟಕ್ಕೆ ಕೂರಿಸಿ ಉಪ್ಪು ಕೊಡಹೋದೆ. ಕೈ ಹಿಂದೆಳೆದುಕೊಂಡಳು.

"ಕೈಗೆ ಕೊಡ್ಬೇಡಿ ಸುಂದ್ರವ್ವ, ಕೆಳಗಿಡಿ. ಒಂದ್ಸಲ ಜಗಳ ಆಗಿದ್ದೇ ಸಾಕು."

ಯಾರೊಂದಿಗೆ ಎಂದು ಕೇಳಿದೆ. ಅಳುತ್ತಾ ಎಲ್ಲ ಹೇಳಿದಳು. ನಾನು ಹಣೆ ಚಚ್ಚಿಕೊಂಡೆ.

"ಹುಚ್ಚಿ, ನಮ್ಮ ಗುಲ್ಬರ್ಗಾ ಕಡಿ ಹೊಸ ಮನಿಗೆ ಮೊದಲ ಉಪ್ಪು ಒಯ್ತಾರ. ಅಂವ ಜಗಳ ಕಳಿಸಿಲ್ಲವ್ವಾ, ಮನಿ ಕಳಿಸ್ಯಾನ."



ಕಂಬದ ಹಗ್ಗಗಳನ್ನು ಗುಜರಾತಿಗೆ ಒಯ್ಯುತ್ತಿದ್ದ ಲಾರಿಯವನ ಬಾಯಲ್ಲಿ ಬಂಡೆಪ್ಪನಿಗೆ ಹೇಳಿ ಕಳಿಸಿದೆ: ಬಾಯೋರು ಹಾಸಿಗೆ ಹಿಡಿದಿದ್ದಾರೆ, ಕಣ್ಣು ಬಿಡುತ್ತಿಲ್ಲ, ಡಾಕ್ಟರೂ ಕೈಚೆಲ್ಲಿದ್ದಾರೆ. ಸ್ವಲ್ಪ ಹೆಚ್ಚಾಯಿತೇನೋ. ಅವನು ಯಾವ ರೈಲಿಗೆ ಬರುತ್ತಾನೆಂದು ಲಾರಿಯವನೇ ಹಿಂದಿರುಗಿ ಬಂದು ತಿಳಿಸಿದ. ಅವಳನ್ನು ಬಾಂಬೆ ಸೆಂಟ್ರಲ್‌ಗೆ ಎಳೆದುಕೊಂಡು ಹೋದೆ.

ರೈಲು ನಿಲ್ಲುವ ಮೊದಲೇ ಬಂಡೆಪ್ಪ ಹಾರಿ ಇಳಿದ. ಅವಳನ್ನು ಕಂಡು ಅಲ್ಲೇ ನಿಂತ.

"ಆರಾಮ ಇದ್ದೀರಿ?"

"ಇಲ್ಲ," ಎಂದಳು. "ಆ ಗೆರೆ ಎಳೆದೋಳು ನಾನೇ. ನಿಮ್ಮನ್ನ ದೂರ ಕಳಿಸಿದೋಳೂ ನಾನೇ."

"ಅದು ಗೊತ್ತಾದ ಮ್ಯಾಲೇ ಉಪ್ಪು ಕಳಿಸೀನ್ರಿ. ನೀವು ಖರೇ ಗೆರಿ ಎಳದ್ರಿ; ಖೊಟ್ಟಿ ಗೆರಿ ಎಳೆಯೋರ ಕೂಡ ಸಂಸಾರ ಹ್ಯಾಂಗ ಮಾಡ್ಲಿ? ನೀವು ಬರಲಿಲ್ಲ. ದೊಡ್ಡ ಮನಿತನದೋರು, ಒಲ್ಲೆ ಅಂದ್ರು ಅಂತ ಸುಮ್ನಾದೆ."

"ನಂಗೆ ಅರ್ಥ ಆಗ್ಲಿಲ್ಲ... ಎಲ್ಲಾ ಚೆಲ್ಲಿಬಿಟ್ಟೆ."

"ಚೆಲ್ಲಿದ್ರ ಚೆಲ್ರಿ. ಗುಜರಾತಿನ್ಯಾಗ ಉಪ್ಪು ಗುಡ್ಡ ಗುಡ್ಡ ಬಿದ್ದೈತಿ." ಅವನ ದನಿ ಇಳಿಯಿತು. "ಮನಿ ಮಾತ್ರ ಖಾಲಿ ಐತಿ."

ಸಂಜೆ ಅವನು ಮರಳುವ ರೈಲು ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ನಾವು ಮೂವರಿದ್ದೆವು; ಅವಳ ಕೈ ಅವನ ಕೈಯಲ್ಲಿತ್ತು. ಅದು ಹೊರಟ ಮೇಲೆ ಮಲಾಡಿನ ಲೋಕಲ್ ಹತ್ತಿ ದಂಡೆಯ ಕಡೆ ಬಂದವರು ಎಷ್ಟು ಮಂದಿ? ನಾನು ಹೇಳುವುದಿಲ್ಲ. ನೀವೇ ಹೇಳಿ, ನೋಡೋಣ.