ಬೆನ್ನು ಮೇಲಾದ ಎಲೆ

ಬಹಳ ಕಾಲದ ಹಿಂದೆ, ಏಳು ಹೊಳೆ ಕೂಡುವ ಕಡೆ, ಕೆಂದೂರು ಅಂತ ಒಂದು ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಅಂದಾನಿ, ಪುಟ್ಟೀರಿ ಅಂತ ಗಂಡ ಹೆಂಡತಿ ವೀಳ್ಯ ಕಟ್ಟುತ್ತಿದ್ದರು.

ನಲವತ್ತು ವರ್ಷ ಎದುರುಬದುರು ಕೂತು ಕಟ್ಟಿದರು. ಅಂದಾನಿ ಅಡಿಕೆ ಕತ್ತರಿಸುವನು, ಸುಣ್ಣ ಹಚ್ಚುವನು. ಪುಟ್ಟೀರಿ ಎಲೆಯನ್ನು ಮೊಣಕಾಲ ಮೇಲಿಟ್ಟು, ಸೆರಗಿನಿಂದ ಅದರ ಬೆನ್ನು ಒರೆಸಿ, ತಿರುಗಿಸಿ ತಟ್ಟೆಗೆ ಜೋಡಿಸುವಳು. ಒಂದೆಲೆ ಮಿಕ್ಕರೆ ನಡುನರದ ಗುಂಟ ಸೀಳಿ ಅರ್ಧ ಅವನಿಗೆ ಕೊಡುವಳು.

"ತಗೋ, ಇವತ್ತೂ ನಿಂಗೇ ದೊಡ್ಡದು ಬಂತು" ಅನ್ನುವಳು.

ಯಾವತ್ತೂ ಎರಡೂ ಒಂದೇ ಅಳತೆ ಇರುತ್ತಿದ್ದವು.

ಒಂದು ಸುಗ್ಗಿ ಮುಗಿದ ಮೇಲೆ ಪುಟ್ಟೀರಿ ಜ್ವರ ಬಂದು ತೀರಿಹೋದಳು. ಅಂದಾನಿ ಎದುರಿದ್ದ ಅವಳ ಚಾಪೆ ಮಡಿಸಲಿಲ್ಲ.

ಆ ಕೆಂದೂರಿಗೂ ನೇರಳೆಕೋಟೆಗೂ ಮೂರು ತಲೆಮಾರಿನ ಹಗೆ. ಈ ರಾಜ ಕತ್ತಿ ಮಸೆದರೆ ಆ ರಾಜ ಈಟಿ ಮಸೆಯುವನು. ಇವನು ಹೆದರಿ ಇಬ್ಬರು ರಾಜರ ಸ್ನೇಹ ಮಾಡಿದ. ಅದು ಕೇಳಿ ಅವನೂ ಹೆದರಿ ಇನ್ನಿಬ್ಬರ ಸ್ನೇಹ ಮಾಡಿದ. ಆಗ ಜಿಂಗಾಳ ಅನ್ನುವ ಮಾಯಾವಿ ಆರೂ ಅರಮನೆಗೆ ಬಂದ.

"ಬರೀ ಮಾತಿನ ಸ್ನೇಹ ನಿಲ್ಲಲ್ಲ ಮಹಾರಾಜ. ನನ್ನ ಬಳ್ಳಿ ಎಲೆ ತಿಂದು ಮಾತು ಕೊಡಿ. ಆಮೇಲೆ ಯಾರೂ ಹಿಂದೆ ಸರಿಯೋಕಾಗಲ್ಲ" ಅಂದ.

ಆರು ರಾಜರೂ ತಿಂದರು. "ಗೆಳೆಯನ ಮೇಲೆ ಬಂದರೆ ನನ್ನ ಮೇಲೆ ಬಂದ ಹಾಗೆ" ಅಂದರು. ಜಿಂಗಾಳನ ಗುಡ್ಡದಿಂದ ಆ ಬಳ್ಳಿ ಹಬ್ಬಿ ಆರು ಅರಮನೆಯ ಕಂಬ ಸುತ್ತಿತು. ಅದಕ್ಕೆ ಬೇಕಾದದ್ದು ನೀರಲ್ಲ, ರಕ್ತ. ಅದು ಅವರಿಗೆ ಗೊತ್ತಿರಲಿಲ್ಲ.

ಕೊನೆಗೆ ಕೆಂದೂರಿನ ರಾಜನಿಗೇ ಈ ಹಗೆ ಸಾಕಾಯಿತು. "ಮಗಳನ್ನ ನೇರಳೆಕೋಟೆಗೇ ಕೊಟ್ಟುಬಿಡ್ತೀನಿ. ಅಂದಾನಿ, ಮದುವೆ ವೀಳ್ಯ ಕಟ್ಟು" ಅಂದ.

ಆ ಸೀಮೆಯಲ್ಲಿ ಎಲೆಯ ಮುಖ ಮೇಲಿದ್ದರೆ ಮದುವೆ ವೀಳ್ಯ. ಬೆನ್ನು ಮೇಲಿದ್ದರೆ ರಣವೀಳ್ಯ, ಯುದ್ಧಕ್ಕೆ ಕರೆ.

ಅಂದಾನಿ ಒಬ್ಬನೇ ಕೂತು ಎಲೆ ಮೊಣಕಾಲ ಮೇಲಿಟ್ಟ. ಬೆನ್ನು ಒರೆಸಿದ. ಪುಟ್ಟೀರಿ ಮಾಡುತ್ತಿದ್ದುದನ್ನು ನೆನೆದು ನೆನೆದು ಮಾಡಿದ. ಆದರೆ ಅವಳು ಎಲೆ ತಿರುಗಿಸುತ್ತಿದ್ದ ಗಳಿಗೆ ಮಾತ್ರ ಅವನಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷವೂ ಆ ಗಳಿಗೆಯಲ್ಲಿ ಅವನು ಅವಳ ಮುಖ ನೋಡುತ್ತಿದ್ದ.

ನೇರಳೆಕೋಟೆಯ ರಾಜ ದೂತ ತಂದ ತಟ್ಟೆಯ ಬಟ್ಟೆ ಸರಿಸಿದ. ಎಲೆಗಳ ಬೆನ್ನು ಕಂಡಿತು.

"ಯುದ್ಧನಾ? ಆಗಲಿ!" ಅಂದ. ದೂತ ಕೆಂದೂರಿಗೆ ಓಡಿಬರುವ ಹೊತ್ತಿಗೆ ಬಳ್ಳಿ ನಡುಗಿತು. ಆರು ರಾಜರ ಕಾಲೂ ತಾವೇ ಎದ್ದು ನಡೆದವು. ಹಿಂದೆ ಸೈನ್ಯಗಳು. ಆರು ಅರಮನೆಯಿಂದಲೂ ಏಳು ಹೊಳೆಯ ಬಯಲಿಗೆ ಮೂರು ದಿನದ ದಾರಿ. ಒಬ್ಬ ರಾಜ ಊಟದ ಕೈ ತೊಳೆದಿರಲಿಲ್ಲ.

"ನಾನು ಯಾರ ಮೇಲೆ ಹೋಗ್ತಾ ಇದೀನ್ರೋ?" ಅಂತ ಮಂತ್ರಿಯನ್ನು ಕೇಳುತ್ತಲೇ ನಡೆದ.

ಓಡಿಬಂದ ದೂತನಿಂದ ಅಂದಾನಿಗೆ ವಿಷಯ ತಿಳಿಯಿತು. ಬೀದಿಗೆ ಓಡಿದ.

"ಒಡೆಯಾ, ನಿಂತ್ಕೊಳ್ಳಿ! ಎಲೆ ತಪ್ಪಿಟ್ಟೋನು ನಾನು!"

"ನಿಲ್ಲೋಕಾಗ್ತಿಲ್ಲ ಕಣೋ!" ಅಂತ ರಾಜ ಕೂಗುತ್ತಾ ಹೋದ.

"ತಪ್ಪು ನಂದು. ತಿರುಗಿಸೋದೂ ನಂದೇ" ಅಂದುಕೊಂಡು ಅಂದಾನಿ ಎಲೆ ಅಡಿಕೆ ಸುಣ್ಣದ ಚೀಲ ಹೆಗಲಿಗೆ ಹಾಕಿ, ಬಳ್ಳಿಯ ಬುಡ ಕೀಳಲು ಅದರ ಜಾಡು ಹಿಡಿದು ಗುಡ್ಡಕ್ಕೆ ನಡೆದ.

ಮೊದಲ ದಿನ ಎರಡು ತಲೆಯ ಹುಲಿ ಅಡ್ಡ ಬಂತು. ಎರಡು ತಲೆಯೂ ಒಂದನ್ನೊಂದು ನೋಡುತ್ತಾ ನೂರು ವರ್ಷದಿಂದ ಕಣ್ಣು ಮುಚ್ಚಿರಲಿಲ್ಲ.

"ಅವನು ಮಲಗಲಿ, ನಾನೂ ಮಲಗ್ತೀನಿ" ಅಂತ ಒಂದು.

"ಮೊದಲು ಅವನು ಮಲಗಲಿ" ಅಂತ ಇನ್ನೊಂದು.

ಅಂದಾನಿ ಒಂದೆಲೆ ತೆಗೆದು ನಡುನರದ ಗುಂಟ ಸೀಳಿದ. ಎರಡು ಕೈಯಲ್ಲಿ ಎರಡು ಬಾಯಿಗೂ ಒಟ್ಟಿಗೇ ಇಟ್ಟ. ಹುಲಿ ಅಗಿಯಿತು. ಒಂದೇ ಸಲ ಎರಡೂ ತಲೆ ಆಕಳಿಸಿ ನಿದ್ದೆ ಹೋದವು.

ಎರಡನೆಯ ದಿನ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಮೇಲೆ ಸಾಲುಸಾಲು ಕಲ್ಲಾದ ಮನುಷ್ಯರು. ಮಂತ್ರಿಗಳು, ದೂತರು, ದಂಡನಾಯಕರು. ಎಲ್ಲರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಿದ್ದರು. ಮೇಲೆ ಬೆಂಕಿ ಕಣ್ಣಿನ ಹದ್ದು.

"ಶುರು ಮಾಡಿದ್ದು ಯಾರು?" ಅಂತ ಹದ್ದು ಕೇಳಿತು.

"ನಾನೇ" ಅಂದ ಅಂದಾನಿ.

ಹದ್ದಿಗೆ ಅಂಥ ಉತ್ತರ ಕೇಳಿ ಅಭ್ಯಾಸವಿರಲಿಲ್ಲ. "ಏನಂದೆ?"

"ನಾನೇ ಕಣಪ್ಪ. ದಾರಿ ಬಿಡು, ಹೊತ್ತಾಯ್ತು."

ಹದ್ದು ರೆಕ್ಕೆ ಮಡಿಸಿ ದಾರಿ ಬಿಟ್ಟಿತು.

ಮೂರನೆಯ ದಿನ ಹೊತ್ತು ನೆತ್ತಿಗೆ ಬರುವಾಗ ಗುಡ್ಡದ ತುದಿ ಮುಟ್ಟಿದ. ಕೆಳಗೆ ಬಯಲಲ್ಲಿ ಆರು ಸೈನ್ಯ ಇರುವೆ ಸಾಲಿನಂತೆ ಹತ್ತಿರವಾಗುತ್ತಿದ್ದವು. ಬಳ್ಳಿಯ ಬುಡದಲ್ಲಿ ಪುಟ್ಟೀರಿ ಕೂತಿದ್ದಳು. ಮೊಣಕಾಲ ಮೇಲೆ ಎಲೆ.

"ಬಂದ್ಯಾ? ಎಷ್ಟು ಇಳಿದುಹೋಗಿದ್ದೀಯ! ಉಣ್ತಾ ಇಲ್ವಾ?" ಅಂದಳು.

ಅಂದಾನಿ ಚೀಲ ಇಳಿಸಿದ. ಅವಳ ಎದುರು ಕೂತ.

ಹಿಂದಿನಿಂದ ಜಿಂಗಾಳ ನಕ್ಕ. "ಬಳ್ಳಿ ಇರೋವರೆಗೂ ಇವಳಿರ್ತಾಳೆ. ಇಲ್ಲೇ ಇದ್ದುಬಿಡು. ರಾಜರ ಜಗಳ ನಿಂಗ್ಯಾಕೆ? ಕೀಳೋದಾದ್ರೆ ಕೀಳು, ಅವಳೂ ಹೋಗ್ತಾಳೆ."

ಕೆಳಗೆ ಕಹಳೆ ಮೊಳಗಿತು. ಅಷ್ಟು ಸೈನಿಕರ ಮನೆಯಲ್ಲೂ ಒಂದೊಂದು ಚಾಪೆ ಹಾಸಿರುತ್ತದೆ ಅಂತ ಅಂದಾನಿಗೆ ಅನಿಸಿತು.

"ಪುಟ್ಟೀ, ಒಂದು ಎಲೆ ತಿರುಗಿಸಿ ತೋರ್ಸು" ಅಂದ.

"ಇಷ್ಟು ವರ್ಷ ಏನ್ ನೋಡ್ತಿದ್ದೆ ಮತ್ತೆ?"

ಅವಳು ನಕ್ಕು ಎಲೆಯ ಬೆನ್ನು ಒರೆಸಿದಳು. ಹೆಬ್ಬೆರಳಿಂದ ಅಂಚು ಎತ್ತಿ ಮಗುಚಿದಳು. ಅಷ್ಟೇ. ಈ ಸಲ ಅವನು ಅವಳ ಕೈ ನೋಡಿದ.

ಅದೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮುಖ ಮೇಲೆ ಮಾಡಿ ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. ನೆಂಟರನ್ನು ಕಳಿಸುವಾಗ ಕೊಡುವ ಹಾಗೆ. ಅವಳು ತೀರಿಕೊಂಡ ದಿನ ಅವನ ಕೈಯಲ್ಲಿ ಇದಾಗಿರಲಿಲ್ಲ.

"ಸುಣ್ಣ ಜಾಸ್ತಿ ಆಯ್ತೇನೋ" ಅಂದಳು.

"ಕಮ್ಮೀನೇ ಹಚ್ಚಿದೀನಿ. ನಿನ್ನ ಬಾಯಿ ಸುಡುತ್ತೆ ಅಂತ."

"ಹಂಗಾದ್ರೆ ಬರ್ಲಾ?"

"ಹೋಗ್ಬಾ."

ಅವಳು ಎಲೆ ಬಾಯಿಗಿಟ್ಟಳು. ತುಟಿ ಕೆಂಪಾಯಿತು. ಅಂದಾನಿ ಬುಡಕ್ಕೆ ಕೈ ಹಾಕಿ ಎಳೆದ. ಬಳ್ಳಿ ಬೇರು ಸಮೇತ ಬಂತು. ಪುಟ್ಟೀರಿ ಇರಲಿಲ್ಲ. ಜಿಂಗಾಳ ಒಣಗಿದ ಎಲೆಯಾಗಿ ಗಾಳಿಗೆ ಹಾರಿಹೋದ. ಮೆಟ್ಟಿಲ ಮೇಲಿನ ಕಲ್ಲುಗಳು ಮನುಷ್ಯರಾಗಿ, ಚಾಚಿದ ಬೆರಳು ಮಡಿಸಿಕೊಂಡು ಇಳಿದರು.

ಬಯಲಲ್ಲಿ ಆರು ರಾಜರ ಕಾಲೂ ನಿಂತವು. ನಡುವೆ ಹತ್ತು ಮಾರು ಉಳಿದಿತ್ತು. ಅಂದಾನಿ ಇಳಿದುಬಂದು ನಡೆದದ್ದು ಹೇಳಿದ.

"ಒಂದು ಎಲೆ ತಪ್ಪಿಟ್ಟಿದ್ದಕ್ಕೆ ಇಷ್ಟೆಲ್ಲಾನಾ?" ಅಂತ ನೇರಳೆಕೋಟೆಯ ರಾಜ ಸಿಟ್ಟಾದ.

"ಎಲೆ ತಪ್ಪಿಟ್ಟೋನು ನಾನು, ಒಡೆಯಾ. ಕತ್ತಿ ಮಸೆದಿಟ್ಟೋರು ನೀವು."

ರಾಜರು ಕತ್ತಿ ಕೆಳಗಿಟ್ಟರು. ಆಮೇಲೆ ಊಟದ ಕೈ ತೊಳೆಯದ ರಾಜ ಹೊಳೆಗೆ ಇಳಿದು ಕೈ ತೊಳೆದುಕೊಂಡ. ಎಲ್ಲರಿಗೂ ನಗು ಬಂತು.

ಅದೇ ಬಯಲಲ್ಲಿ ಮದುವೆಯಾಯಿತು. ಸೈನಿಕರೇ ಬಡಿಸಿದರು. ಆರು ರಾಜ್ಯದ ಜನ ಮತ್ತೆಂದೂ ಹಗೆಗೆ ಹೋಗಲಿಲ್ಲ. ಉಂಡು ಉಟ್ಟು ನೆಮ್ಮದಿಯಾಗಿ ಬಾಳಿದರು.

ಮದುವೆಯ ಅಷ್ಟೂ ವೀಳ್ಯವನ್ನು ಅಂದಾನಿಯೇ ಕಟ್ಟಿದ. ಎದುರಿಗೆ ಚಾಪೆ ಹಾಸಿಕೊಂಡಿದ್ದ. ಒಂದೆಲೆ ಮಿಕ್ಕಿತು. ನಡುನರದ ಗುಂಟ ಸೀಳಿದ. ಒಂದು ಚೂರು ತಾನು ತಿಂದ. ಇನ್ನೊಂದನ್ನು ಚಾಪೆಯ ಮೇಲಿಟ್ಟ, ಮುಖ ಮೇಲೆ ಮಾಡಿ.

"ತಗೋ," ಅಂದ. "ಇವತ್ತು ನಿಂಗೇ ದೊಡ್ಡದು ಬಂತು."