ಜಗಳೂರಿನ ಆಡುಸೋಗೆ

"ಸುಳ್ಳು ಹೇಳಬೇಡಿ! ಈ ಎಲೆ ನಿಮ್ಮ ಬೇಲೀದಲ್ಲ!"

ಜಗಳೂರಿನ ಒಂದು ಮನೆಯಂಗಳದಲ್ಲಿ ಯಶೋಧರಾ ಕೂಗಿದ ರಭಸಕ್ಕೆ ಆ ಮನೆಯವನೇ ಆದ ಲೈನ್‌ಮನ್ ಮೈಲಾರಿ ಟೀ ಲೋಟ ಹಿಡಿದು ಹಾಗೇ ನಿಂತುಬಿಟ್ಟ.

ಹೊನ್ನಾಳಿಯ ಈ ಹುಡುಗಿ ಪಿಎಚ್‌.ಡಿ. ಮಾಡುತ್ತಿದ್ದಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು... ನಾಲ್ಕೂ ಕಡೆಯ ಆಡುಸೋಗೆ ಎಲೆ ತಂದು, ನೆರಳಲ್ಲಿ ಒಣಗಿಸಿ, ಯಾವುದರಲ್ಲಿ ಆಂಟಿ ಆಕ್ಸಿಡೆಂಟ್ ಹೆಚ್ಚು ಎಂದು ನೋಡುವುದು ಅವಳ ಕೆಲಸ. ನೀರಿಲ್ಲದೆ ಬಿಸಿಲುಂಡ ಜಗಳೂರಿನ ಎಲೆಯಲ್ಲೇ ಹೆಚ್ಚಿರಬೇಕೆಂಬುದು ಅವಳ ನಂಬಿಕೆ. ಅದಕ್ಕಾಗಿ ಇಡೀ ವರ್ಷ ಬಸ್ಸಿನಲ್ಲಿ ಅಲೆದಿದ್ದಳು.

ಅಲೆದದ್ದು ಬರೀ ಎಲೆಗಾಗಿಯೇ? ಚನ್ನಗಿರಿಯಲ್ಲಿ ಗಂಟೆಯೊಳಗೆ ಮುಗಿಯುತ್ತಿದ್ದ ಕೆಲಸ ಜಗಳೂರಿನಲ್ಲಿ ಮಾತ್ರ ಸಂಜೆಯವರೆಗೆ ಎಳೆಯುತ್ತಿತ್ತಲ್ಲ!

ಆದರೆ ನಿನ್ನೆ ಲ್ಯಾಬಿನ ಫಲಿತಾಂಶ ಬಂದಿತ್ತು. ಜಗಳೂರಿನ ಎಲೆಗೂ ಚನ್ನಗಿರಿಯ ಎಲೆಗೂ ವ್ಯತ್ಯಾಸವೇ ಇರಲಿಲ್ಲ.

"ಚನ್ನಗಿರಿ ಹತ್ರದ ನಲ್ಲೂರಲ್ಲಿ ನಿಮ್ಮಕ್ಕ ಇದಾರಲ್ಲ... ಅಲ್ಲಿಂದ ಕಿತ್ಕೊಂಡು ಬಂದು ಕೊಟ್ರಾ? ನಿಮ್ಮನ್ನ ಎಷ್ಟು ನಂಬಿದ್ದೆ ಗೊತ್ತೈತೇನ್ರೀ?"

"ಇಲ್ರೀ ಮೇಡಂ, ನಮ್ಮವ್ವನಾಣೆ! ಇದೇ ಬೇಲೀದು."

"ನನ್ನ ಆಣೆ ಯಾಕೋ ಇಡ್ತೀಯ?" ಅವನ ತಾಯಿ ಮೂಕಮ್ಮ ಒಳಗಿನಿಂದ ಬಂದಳು. "ದಿನಾ ಕೊಡಗಟ್ಟಲೆ ನೀರು ಹೊಯ್ದು ಸಾಕಿದ ಗಿಡ ಅಂತ ಹೇಳಾಕೆ ಬಾಯಿಲ್ಲೇನು? ಕುಡಿಯಾಕೆ ತಂದಿದ್ದನ್ನೂ ಬಿಡ್ಲಿಲ್ಲ ಕಣವ್ವಾ ಇವ್ನು!"

ನೀರಾ...?

ಯಶೋಧರಾ ಬೇಲಿಯ ಕಡೆ ತಿರುಗಿದಳು. ನೀರು ಸಿಕ್ಕ ಗಿಡಕ್ಕೆ ಬಿಸಿಲಿನ ಬಾಧೆಯೇ ತಟ್ಟಿರಲಿಲ್ಲ. ಎಲೆ ಚನ್ನಗಿರಿಯದರಂತಾದದ್ದು ಅದಕ್ಕೇ!

"ಬೇಸಿಗೇಲಿ ಗಿಡ ಒಣಗ್ತಿತ್ರೀ," ಮೈಲಾರಿ ತಲೆ ತಗ್ಗಿಸಿದ. "ಎಲೆ ಇಲ್ದಿದ್ರೆ ನೀವು ಬೇರೆ ಊರಿಗೆ ಹೋಗ್ತೀರೇನೋ ಅಂತ... ಹೆದರಿಕೆ ಆತು."

ನೀರು ಹಾಕಬೇಡಿ ಎಂದು ಅವಳು ಹೇಳಿಯೇ ಇರಲಿಲ್ಲ. ಜಗಳೂರಿನಂಥ ಊರಲ್ಲಿ ಬೇಲಿಗೆ ನೀರು ಹಾಕುವವನೊಬ್ಬ ಇದ್ದಾನೆಂದು ಯಾರಿಗೆ ತಾನೇ ಹೊಳೆದೀತು?

ವರ್ಷದ ದುಡಿಮೆ ಹಾಳಾಗಿತ್ತು, ಹಾಳು ಮಾಡಿದವನ ಮೇಲೆಯೇ ಮನಸ್ಸು ಇನ್ನಷ್ಟು ಕರಗುತ್ತಿತ್ತು. 'ಅಯ್ಯೋ... ಏನು ಮಾಡಲಿ ನಾನು?'

"ನಿಮ್ಮ ಗೈಡ್ ಹತ್ರ ನಾನೇ ಬಂದು ಹೇಳ್ತೀನ್ರೀ, ತಪ್ಪು ನಂದು ಅಂತ."

"ಹೇಳಿದ್ರೆ ಏನಾತು? ಈ ಎಲೆ ಲೆಕ್ಕಕ್ಕೇ ಬರಲ್ಲ. ಮುಂದಿನ ಬೇಸಿಗೇಲಿ ಮೊದಲಿಂದ ಶುರು ಮಾಡಬೇಕು ನಾನು." ಅವಳ ಕಣ್ಣು ತುಂಬಿತು. "ಇನ್ನೊಂದು ವರ್ಷ..."

"ಇನ್ನೊಂದು ವರ್ಷ ಬರ್ತೀರಾ?"

ಅವನ ಮುಖ ಅರಳಿಬಿಟ್ಟಿತ್ತು! ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ.

"ತಪ್ಪಾತು ರೀ. ನಿಮಗೆ ಇಷ್ಟು ಕಷ್ಟ ಬಂದಾಗ ನಂಗೆ ಹಿಂಗೆ ಖುಷಿ ಆಗಬಾರದು."

ಮೂಕಮ್ಮ ಸದ್ದಿಲ್ಲದೆ ಒಳಗೆ ಹೋದಳು. ಯಶೋಧರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳು ಮಾತ್ರ ನಿಲ್ಲಲೊಲ್ಲದು.

"ನಿಜವಾಗ್ಲೂ ಖುಷಿ ಆತಾ?"

"ಆತು. ನೀವಂದ್ರೆ ನಂಗೆ ಜೀವ ರೀ..."

"ಇದನ್ನ ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀವು ಬರೋದೇ ಬಿಟ್ಬಿಟ್ರೆ? ಎಲೆಗಾದ್ರೂ ಬರ್ತೀರಲ್ಲ ಅಂತ ಸುಮ್ನಿದ್ದೆ."

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ಒಂದೆಲೆ ಇಲ್ದಿದ್ರೂ ಬರ್ತಿದ್ದೆ ಕಣ್ರೀ, ಮೈಲಾರಿ."